ಎಂಟನೇ ಮೈಲಿಯ ಸುತ್ತಮುತ್ತ: ಕೆಲವು ಟಿಪ್ಪಣಿಗಳು

2001ರ ಜನಗಣತಿಯಲ್ಲಿ ದಾಸರಹಳ್ಳಿ ಎಂಬ ನಗರವಿದೆ. ಜನಸಂಖ್ಯೆ ಸುಮಾರು 2.6 ಲಕ್ಷ. ಅದೇ ಗಣತಿಯಲ್ಲಿ ತುಮಕೂರು ನಗರದ್ದು 2.5 ಲಕ್ಷದ ಆಸುಪಾಸು, ಹಾಸನದ್ದು ಅದರ ಅರ್ಧದಷ್ಟು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಸ್ಪತ್ರೆ, ಕೋರ್ಟು, ಹಳೆಯ ಕಾಲೇಜು, ಎಲ್ಲರಿಗೂ ಗೊತ್ತಿರುವ ಸರ್ಕಲ್ಲು ಎಲ್ಲ ಇರುವ ತುಮಕೂರಿಗಿಂತ ಒಂದಿಷ್ಟು ಹೆಚ್ಚೇ ಜನರಿದ್ದ ಊರು, ಅದೇ ತುಮಕೂರು ರಸ್ತೆಯ ಬೆಂಗಳೂರು ತುದಿಯಲ್ಲಿತ್ತು.

2011ರ ಗಣತಿಯ ಹೊತ್ತಿಗೆ ಆ ನಗರ ಪಟ್ಟಿಯಲ್ಲಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ಯಲಹಂಕ, ರಾಜರಾಜೇಶ್ವರಿನಗರ ಈ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ 110 ಹಳ್ಳಿಗಳೂ ಅದರೊಳಗೆ ಸೇರಿಹೋದವು. 226 ಚದರ ಕಿಲೋಮೀಟರ್ ಇದ್ದ ಪಾಲಿಕೆ 700 ದಾಟಿತು. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಅಲ್ಲಿಯವರೆಗೆ ದಾಸರಹಳ್ಳಿಯವರಿಗೆ ಹೋಗಿ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ.

ಜನ ಎಲ್ಲಿಗೂ ಹೋಗಲಿಲ್ಲ. ಇನ್ನಷ್ಟು ಜನ ಬಂದರು. ನಗರ ಮಾತ್ರ ಇಲ್ಲವಾಯಿತು. ಇದು ಹೇಗೆ ಎಂದು ತಿಳಿಯುವ ಆಸೆಯಿಂದ ಆಗಾಗ ಆ ಕಡೆ ಓಡಾಡಿ ಬರೆದಿಟ್ಟುಕೊಂಡದ್ದು ಇದು.

*

ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ, ಆಮೇಲೆ ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿ, ನಾಗಸಂದ್ರ. ತಲೆಯ ಮೇಲೆ ಮೆಟ್ರೋ, ಅದರ ಪಕ್ಕ ಮೇಲ್ಸೇತುವೆ, ಕೆಳಗೆ ಹೆದ್ದಾರಿ, ಅದರ ಪಕ್ಕ ಸರ್ವಿಸ್ ರೋಡು. ರಸ್ತೆಯ ಎಡಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ. ಅದರ ಬೆನ್ನಿಗೆ ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿ, ಚೊಕ್ಕಸಂದ್ರ, ನೆಲಗದರನಹಳ್ಳಿ, ಕರಿಹೋಬನಹಳ್ಳಿ, ಅಂದ್ರಹಳ್ಳಿ. ಎಲ್ಲ ಹಳ್ಳಿಯ ಹೆಸರುಗಳೇ. ಒಂದೊಂದಕ್ಕೂ ಊರ ದೇವಸ್ಥಾನ, ಅರಳಿಕಟ್ಟೆ ಈಗಲೂ ಇದೆ. ಆದರೆ ಒಂದು ಹಳ್ಳಿ ಮುಗಿದು ಇನ್ನೊಂದು ಶುರುವಾಗುವ ಜಾಗ ಯಾವುದೆಂದು ಅಲ್ಲೇ ಹುಟ್ಟಿದವರಿಗೂ ತೋರಿಸಲಾಗುವುದಿಲ್ಲ.

ಕೈಗಾರಿಕಾ ಪ್ರದೇಶದ ಒಳಗೆ ವಿಳಾಸ ಹೇಳುವ ಕ್ರಮವೇ ಬೇರೆ. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಮೂರನೇ ಫೇಸ್, ನಾಲ್ಕನೇ ಫೇಸ್, ಇಷ್ಟನೇ ಮೇನ್, ಇಷ್ಟನೇ ಕ್ರಾಸ್. ನಂಬರು ಸಾಲದಾದಾಗ ಕಂಪನಿಯ ಹೆಸರು ಸಹಾಯಕ್ಕೆ ಬರುತ್ತದೆ: ಎನ್‌ಟಿಟಿಎಫ್ ಸರ್ಕಲ್, ಟಿವಿಎಸ್ ಕ್ರಾಸ್. ಇಡೀ ಪ್ರದೇಶ ಸುತ್ತಿದರೂ ಒಬ್ಬ ಕವಿಯ, ಒಬ್ಬ ಹೋರಾಟಗಾರನ ಹೆಸರಿನ ರಸ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಜಯನಗರದ, ರಾಜಾಜಿನಗರದ ಮಕ್ಕಳು ರಸ್ತೆಯ ಬೋರ್ಡು ಓದಿಯೇ ನಾಡಿನ ದೊಡ್ಡವರ ಹೆಸರು ಕಲಿಯುತ್ತಾರೆ. ಹೆಗ್ಗನಹಳ್ಳಿಯ ಮಗು ಏನು ಓದಬೇಕು?

*

ಭಾರತದ ಮೊದಲ ಉಪಗ್ರಹ ಇಲ್ಲಿಯದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ.

ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದ ಆದದ್ದು 1972ರಲ್ಲಿ. ಉಡುಪಿಯ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ಅವರ ತಂಡಕ್ಕೆ ಕೆಲಸ ಮಾಡಲು ಜಾಗ ಬೇಕಿತ್ತು. ಸಿಕ್ಕಿದ್ದು ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳು. ನಟ್ಟು ಬೋಲ್ಟು ಮಾಡಲೆಂದು ಕಟ್ಟಿದಂಥ ಆ ಶೆಡ್ಡುಗಳಲ್ಲೇ ಶುಚಿಯಾದ ಕೋಣೆ ಮಾಡಿಕೊಂಡು, ಇಪ್ಪತ್ತಾರು ಮುಖಗಳ, ಸುಮಾರು 360 ಕಿಲೋ ತೂಕದ ಆರ್ಯಭಟವನ್ನು ಜೋಡಿಸಿದರು. ಅನುಭವವಿದ್ದವರು ಬೆರಳೆಣಿಕೆ, ಉಳಿದವರೆಲ್ಲ ಹುಡುಗರು. 1975ರ ಏಪ್ರಿಲ್ 19ರಂದು ಅದು ರಷ್ಯಾದ ಕಪುಸ್ತಿನ್ ಯಾರ್ ನೆಲೆಯಿಂದ ಕಕ್ಷೆ ಸೇರಿತು. ಆಮೇಲೆ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂತು. ದೇಶದ ಪ್ರತಿ ಕಿಸೆಗೂ ಪೀಣ್ಯದ ಒಂದು ವಸ್ತು ತಲುಪಿತು, ಪೀಣ್ಯದ ಹೆಸರಿಲ್ಲದೆ.

ಉಪಗ್ರಹ ಕೇಂದ್ರ ಮುಂದೆ ಪೂರ್ವದ ವಿಮಾನಪುರದ ಕಡೆಗೆ ಹೋಯಿತು. ಆದರೆ ಉಪಗ್ರಹಗಳ ಜೊತೆ ಮಾತಾಡುವ ಇಸ್ರೋದ ಕೇಂದ್ರ ಇಸ್ಟ್ರಾಕ್ ಪೀಣ್ಯದಲ್ಲೇ ಇದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಟಿವಿಯಲ್ಲಿ ಎಲ್ಲರೂ ನೋಡಿದ ಆ ಕೋಣೆ, ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದ ಆ ಕೋಣೆ ಇಲ್ಲಿಯದು. ಮೂರು ದಿನದ ನಂತರ ಪ್ರಧಾನಿ ಬಂದದ್ದೂ ಇಲ್ಲಿಗೇ. ಅಂದು ಪತ್ರಿಕೆಗಳಲ್ಲಿ ಓದಿದ ಸ್ಥಳನಾಮ ಹೆಚ್ಚು ಕಡೆ ಬೆಂಗಳೂರು. ಅದು ತಪ್ಪಲ್ಲ. ಆದರೂ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತ ಹೆಣ್ಣುಮಗಳೊಬ್ಬಳು, ಚಂದ್ರನ ಮೇಲೆ ಇಳಿಸಿದ್ದು ನಮ್ಮ ಫ್ಯಾಕ್ಟರಿಯ ಹಿಂದಿನ ರಸ್ತೆಯಿಂದ ಎಂದು ಎದೆಯುಬ್ಬಿಸಿ ಹೇಳುವುದನ್ನು ಕೇಳುವ ಆಸೆ ನನಗೆ.

*

ಸೆಕೆಂಡ್ ಸ್ಟೇಜಿನ ಒಂದು ಶೆಡ್ಡು. ಬಾಗಿಲಲ್ಲೇ ಕೂಲಂಟಿನ ವಾಸನೆ. ಎರಡು ಹಳೆಯ ಲೇತು, ಸಾಲ ಮಾಡಿ ತಂದ ಒಂದು ಸಿಎನ್‌ಸಿ ಯಂತ್ರ. ನೆಲದ ಮೇಲೆ ಹಿತ್ತಾಳೆಯ ಸುರುಳಿ ಸುರುಳಿ ಚೂರು, ಬೆಳಕಿಗೆ ಬಂಗಾರದಂತೆ ಹೊಳೆಯುತ್ತದೆ; ಅದನ್ನು ಗುಡಿಸಿ ಚೀಲಕ್ಕೆ ತುಂಬುತ್ತಾರೆ, ಸ್ಕ್ರ್ಯಾಪಿನವನು ತೂಕಕ್ಕೆ ಕೊಳ್ಳುತ್ತಾನೆ. ಗೋಡೆಯ ಮೇಲೆ ಕಳೆದ ಆಯುಧಪೂಜೆಯ ಬಾಳೆಕಂದಿನ ಒಣ ನಾರು.

ಐವತ್ತು ದಾಟಿದ ಟರ್ನರ್ ಒಬ್ಬರು ಬುಷ್ ತೆಗೆದು ವೇಸ್ಟು ಬಟ್ಟೆಯಲ್ಲಿ ಒರೆಸಿ ಮೈಕ್ರೋಮೀಟರಿಗೆ ಹಿಡಿದರು. ಹೆಬ್ಬೆರಳು ತೋರುಬೆರಳ ನಡುವೆ ತಿರುಪು ಮೆಲ್ಲಗೆ ತಿರುಗಿ ಟಿಕ್ ಟಿಕ್ ಎಂದು ನಿಂತಿತು. ಡ್ರಾಯಿಂಗಿನಲ್ಲಿ ಕೊಟ್ಟಿದ್ದ ಸಡಿಲ 0.02 ಮಿಲಿಮೀಟರ್. ನಮ್ಮ ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲೂ ಇರಲಿಕ್ಕಿಲ್ಲ.

‘ಇದು ಯಾವ ಮೆಷಿನ್ನಿಗೆ ಹೋಗುತ್ತೆ ಅಣ್ಣಾ?’

‘ಅದು ನಮಗೆ ಬರಲ್ಲ ಸಾರ್. ಡ್ರಾಯಿಂಗ್ ನಂಬರ್ ಬರ್ತದೆ. ಪೀಸ್ ಹೋಗ್ತದೆ.’

‘ಯಾರಿಗೆ ಮಾಡ್ತಿದೀರಿ ಅಂತ?’

‘ಪಕ್ಕದ ರೋಡಿನೋರಿಗೆ. ಅವರು ಅಲ್ಲಿಂದ ಪ್ಲೇಟಿಂಗಿಗೆ ಕಳಿಸ್ತಾರೆ. ಆಮೇಲೆ ನಂಗೊತ್ತಿಲ್ಲ.’

ಜಾಬ್ ವರ್ಕ್ ಎಂದರೆ ಇದು. ಸರಳು ಕತ್ತರಿಸುವುದು ಒಂದು ಶೆಡ್ಡಿನಲ್ಲಿ, ಟರ್ನಿಂಗ್ ಇನ್ನೊಂದರಲ್ಲಿ. ಹೀಟ್ ಟ್ರೀಟ್‌ಮೆಂಟಿಗೆ ಕುಲುಮೆ ಇರುವವರು ಬೇರೆ, ಗ್ರೈಂಡಿಂಗಿನವರು ಬೇರೆ, ಪ್ಲೇಟಿಂಗಿನವರು ಬೇರೆ. ಒಂದು ಬೆರಳುದ್ದದ ಸಾಮಾನು ಗೂಡ್ಸ್ ಆಟೋದಲ್ಲಿ, ಟಾಟಾ ಏಸ್‌ನಲ್ಲಿ, ಕೆಲವೊಮ್ಮೆ ಸ್ಕೂಟರಿನ ಮುಂದಿನ ಪ್ಲಾಸ್ಟಿಕ್ ಟ್ರೇಯಲ್ಲಿ ಆರೇಳು ಬಾಗಿಲು ಹತ್ತಿ ಇಳಿಯುತ್ತದೆ. ಯಾವ ಶೆಡ್ಡೂ ತಾನೊಂದೇ ಪೂರ್ತಿ ವಸ್ತು ಮಾಡುವುದಿಲ್ಲ. ಎಲ್ಲ ಶೆಡ್ಡುಗಳೂ ಕೂಗಳತೆಯಲ್ಲಿ ಇರುವುದರಿಂದಲೇ ಸಣ್ಣ ಬಂಡವಾಳದವನೂ ಬದುಕುತ್ತಾನೆ. ಒಬ್ಬನಲ್ಲಿ ಇಲ್ಲದ ಯಂತ್ರ ಎದುರು ಮನೆಯವನಲ್ಲಿ ಇರುತ್ತದೆ, ಕೆಟ್ಟ ಯಂತ್ರ ರಿಪೇರಿ ಮಾಡುವವನು ಮುಂದಿನ ಕ್ರಾಸಿನಲ್ಲಿ ಇರುತ್ತಾನೆ.

ಅಲ್ಲಿ ನಿಂತಾಗ ನನಗೆ ಹೊಳೆದದ್ದು: ಈ ಕಿಕ್ಕಿರಿದ ಸ್ಥಿತಿಯನ್ನು ನಾವು ರೋಗ ಎಂದು ನೋಡುತ್ತೇವೆ. ಪೀಣ್ಯದ ಮಟ್ಟಿಗೆ ಅದೇ ಬಂಡವಾಳ. ಈ ಸಾವಿರಾರು ಶೆಡ್ಡುಗಳನ್ನು ಬಿಡಿಬಿಡಿಯಾಗಿ ಐದು ಜಿಲ್ಲೆಗೆ ಹಂಚಿದರೆ ಒಂದೊಂದೂ ಆರು ತಿಂಗಳಲ್ಲಿ ಬಾಗಿಲು ಹಾಕುತ್ತದೆ.

*

ಮನೆಗಳ ದಟ್ಟಣೆಗೂ ಇದೇ ತರ್ಕ ಅನ್ನಿಸುತ್ತದೆ. ಗಾರ್ಮೆಂಟ್ಸಿನ ಟೈಲರ್‌ಗೆ, ಶೆಡ್ಡಿನ ಹೆಲ್ಪರ್‌ಗೆ ಸಿಗುವ ಸಂಬಳದಲ್ಲಿ ಬಾಡಿಗೆಯೂ ಆಗಬೇಕು, ಊರಿಗೂ ಕಳಿಸಬೇಕು. ಬಸ್ ಚಾರ್ಜಿಗೆ ದುಡ್ಡು ಮಿಗುವುದಿಲ್ಲ. ನಡೆದು ಹೋಗುವಷ್ಟು ಹತ್ತಿರ ಮನೆ ಬೇಕು. ಹತ್ತಿರ ಎಂದರೆ ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರ. ಹೊಲ ಇದ್ದವರು 20×30ರ, 30×40ರ ರೆವೆನ್ಯೂ ಸೈಟು ಮಾಡಿ ಮಾರಿದರು. ಕೊಂಡವರು ನೆಲಮಹಡಿಯಲ್ಲಿ ತಾವಿದ್ದು ಮೇಲೆ ಮೂರು ನಾಲ್ಕು ಅಂತಸ್ತು ಎತ್ತಿದರು. ಪಾರ್ಕಿಗೆ, ಶಾಲೆಗೆ, ಚರಂಡಿಗೆ ಎಂದು ಯಾರೂ ಜಾಗ ಬಿಡಲಿಲ್ಲ. ಬಿಡಿಸಬೇಕಾದವರು ಯಾರು ಎಂಬುದೂ ಆಗ ಖಚಿತವಿರಲಿಲ್ಲ. ಹಳ್ಳಿ ಪಂಚಾಯಿತಿ ನಗರಸಭೆಯಾಗಿ, ನಗರಸಭೆ ಮಹಾನಗರ ಪಾಲಿಕೆಯಾಗುವುದರೊಳಗೆ ಮನೆಗಳು ಎದ್ದಾಗಿತ್ತು. ಆ ಕಾಲದ ಗೊಂದಲ ಈಗಲೂ, ನಿಯಮಕ್ಕೆ ಒಳಪಡದ ಆಸ್ತಿಗೆ ಕೊಡುವ ಬಿ ಖಾತಾ ಎಂಬ ಹೆಸರಲ್ಲಿ ಮನೆ ಮಾಲೀಕರ ಬೀರುವಿನಲ್ಲಿದೆ.

ಒಂದು ವಠಾರದ ಮನೆ ನೋಡಿದೆ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆ, ಅದರ ಮೂಲೆಯಲ್ಲಿ ಅಡುಗೆಯ ಕಟ್ಟೆ. ಹಗ್ಗದ ಮೇಲೆ ಯೂನಿಫಾರ್ಮು, ಮಂಚದ ಕೆಳಗೆ ರಾಗಿ ಚೀಲ. ರಾಗಿ ಊರಿಂದ ಬಂದದ್ದು. ಗೋಡೆಯಲ್ಲಿ ದೇವರ ಪಟಕ್ಕಿಂತ ಮೇಲೆ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫ್ರೇಮು. ಆ ಅಂತಸ್ತಿನ ನಾಲ್ಕು ಮನೆಗೂ ಒಂದೇ ಶೌಚಾಲಯ. ಬೆಳಗಿನ ಸರದಿಯನ್ನು ಶಿಫ್ಟಿನ ಪ್ರಕಾರ ಅವರವರೇ ಗೊತ್ತು ಮಾಡಿಕೊಂಡಿದ್ದಾರೆ, ಜಗಳವಿಲ್ಲ. ಮನೆಯಾಕೆ ಸಿಂದಗಿ ಕಡೆಯವರು. ‘ಇಲ್ಲಿ ಬಂದು ಹನ್ನೊಂದು ವರ್ಷ ಆತ್ರಿ. ಊರಾಗ ಮನಿ ಐತಿ, ಕೀಲಿ ಹಾಕಿ ಬಂದೀವಿ,’ ಎಂದರು. ರೇಷನ್ ಕಾರ್ಡು ಅಲ್ಲಿ, ವೋಟು ಅಲ್ಲಿ, ಆಧಾರಿನ ವಿಳಾಸವೂ ಅಲ್ಲಿ. ಮೈ ದುಡಿಯುವುದು ಮಾತ್ರ ಇಲ್ಲಿ.

ಬಾಡಿಗೆಗಿದೆ ಎಂಬ ಬೋರ್ಡುಗಳಲ್ಲಿ ಮೊದಲು ಕನ್ನಡವೊಂದೇ ಇತ್ತು, ಈಗ ಕೆಳಗೆ ಹಿಂದಿಯ ಒಂದು ಸಾಲು. ತುಮಕೂರು, ಮಂಡ್ಯ, ಹಾಸನದವರು ಮೊದಲು ಬಂದರು, ಆಮೇಲೆ ಉತ್ತರ ಕರ್ನಾಟಕದವರು, ಈಗ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ. ಮೊದಲು ಬಂದವರು ಇಂದು ಮನೆ ಮಾಲೀಕರು. ಅವರ ಮನೆಗಳಲ್ಲಿ ಬಾಡಿಗೆಗಿರುವವರು ಅವರೇ ಇಪ್ಪತ್ತೈದು ವರ್ಷದ ಹಿಂದೆ ಇದ್ದ ಹಾಗೆ ಇದ್ದಾರೆ.

*

2016ರ ಏಪ್ರಿಲ್ 18 ಮತ್ತು 19. ಈ ಎರಡು ದಿನವನ್ನು ಕರ್ನಾಟಕದ ಚರಿತ್ರೆಯಲ್ಲಿ ಎಲ್ಲಿ ಬರೆದಿದ್ದಾರೆ ಎಂದು ಹುಡುಕುತ್ತೇನೆ.

ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ನೋಡಿದರೆ ಮುಪ್ಪಿಗೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಲೈನಿನ ಮುಂದೆ ಐವತ್ತೆಂಟರವರೆಗೆ ಕೂರುವವರು ಯಾರು? ಬೆನ್ನು, ಕಣ್ಣು ನಲವತ್ತಕ್ಕೇ ಸೋಲುತ್ತವೆ. ಐದಾರು ವರ್ಷ ದುಡಿದು, ಬಿಟ್ಟು, ಪಿಎಫ್ ತೆಗೆದು ಮಗಳ ಮದುವೆಯನ್ನೋ ಕೈಸಾಲವನ್ನೋ ಊರಿನ ಮನೆಯ ಚಾವಣಿಯನ್ನೋ ಮುಗಿಸಿ, ಮತ್ತೆ ಬೇರೆ ಫ್ಯಾಕ್ಟರಿ ಸೇರುವುದು ಅವರ ರೂಢಿ. ಇಡುಗಂಟು ಎಂದು ಅವರಿಗಿರುವುದು ಅದೊಂದೇ.

ಹೊಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿ ಕಡೆ ಹೆಣ್ಣುಮಕ್ಕಳು ಫ್ಯಾಕ್ಟರಿಯಿಂದ ಹೊರಬಂದು ರಸ್ತೆಗೆ ಕೂತರು. ಮರುದಿನ ತುಮಕೂರು ರಸ್ತೆಯಲ್ಲೂ, ಜಾಲಹಳ್ಳಿ ಕ್ರಾಸಿನಲ್ಲೂ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ಒಬ್ಬ ನಾಯಕಿಯ ಫೋಟೋ ಕೂಡ ಪತ್ರಿಕೆಗೆ ಸಿಗಲಿಲ್ಲ. ಬೆಂಗಳೂರಿಗೆ ಬರುವ ಎರಡು ದೊಡ್ಡ ದಾರಿ ನಿಂತವು. ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು, ಬಸ್ಸು ಸುಟ್ಟವು, ಹೆಬ್ಬಗೋಡಿ ಠಾಣೆಯ ಆವರಣದ ವಾಹನಗಳು ಬೆಂಕಿಗೆ ಬಿದ್ದವು. 19ರ ರಾತ್ರಿಯೊಳಗೆ ದೆಹಲಿಯ ಸರ್ಕಾರ ಆದೇಶ ಹಿಂದಕ್ಕೆ ತೆಗೆದುಕೊಂಡಿತು. ಇಡೀ ದೇಶದ ಪಿಎಫ್ ಚಂದಾದಾರರಿಗೆ ಆದ ಅನುಕೂಲ ಅದು. ಐಟಿ ಕಂಪನಿಯ ಇಂಜಿನಿಯರಿಗೂ ಸೇರಿ.

ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆ ಗಲಭೆಯಲ್ಲಿ ಪೆಟ್ಟು ತಿಂದವರು, ಕೇಸು ಹಾಕಿಸಿಕೊಂಡವರು ಬಡವರೇ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಷ್ಟು ಜನ ಒಂದೇ ದಿನ ಒಂದೇ ಮಾತು ಹೇಳಬೇಕಾದರೆ ಅವರ ನಡುವೆ ಎಷ್ಟು ಮಾತು ಓಡಾಡುತ್ತಿರಬೇಕು? ಲೈನಿನಲ್ಲಿ, ಊಟದ ಅರ್ಧ ಗಂಟೆಯಲ್ಲಿ, ನಲ್ಲಿಯ ಹತ್ತಿರ, ವಠಾರದ ಮೆಟ್ಟಿಲ ಮೇಲೆ. ಇಕ್ಕಟ್ಟಾಗಿ ಬದುಕುವವರು ಸುದ್ದಿಯನ್ನೂ ಇಕ್ಕಟ್ಟಾಗಿಯೇ ಹಂಚಿಕೊಳ್ಳುತ್ತಾರೆ. ನಗರ ಎಂದರೆ ಇದಲ್ಲದೆ ಇನ್ನೇನು? ಕಾಗದದ ಮೇಲೆ ಇಲ್ಲವಾದ ಊರು ಆ ಎರಡು ದಿನ ರಸ್ತೆಯ ಮೇಲೆ ಇತ್ತು.

*

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಗಾರ್ಮೆಂಟ್ಸಿನ ಗೇಟಿನ ಹತ್ತಿರ ವಿಚಾರಿಸಿದೆ. ‘ಅಲ್ಲಿ ಚೂರು ಜಾಸ್ತಿ ಕೊಡ್ತಾರೆ ಅಂದ್ರೆ ಈಗ ಅಲ್ಲಿಗೆ ಹೋಗಬಹುದು ಸಾರ್, ಮೊದಲು ಬಸ್ಸಿಗೇ ಹೋಗ್ಬಿಡೋದು,’ ಎಂದರು ಒಬ್ಬರು. ಸೂಪರ್‌ವೈಸರ್ ಬೈದರೆ ಬಿಟ್ಟು ಹೋಗುವ ಧೈರ್ಯ ಬಂದಿದೆ ಎಂದರು ಇನ್ನೊಬ್ಬರು. ನಡೆದು ಹೋಗುವ ದೂರದ ಫ್ಯಾಕ್ಟರಿಗೆ ಕಟ್ಟುಬಿದ್ದಿದ್ದವರು ಈಗ ನಾಲ್ಕು ಫ್ಯಾಕ್ಟರಿ ನೋಡಿ ಆರಿಸುತ್ತಾರೆ. ಯೋಜನೆಯ ಲೆಕ್ಕ ಹಾಕುವವರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ ತಿಳಿಯದು.

*

ನೀರು. ಪ್ಲೇಟಿಂಗಿಗೆ ಬಳಸುವ ಕ್ರೋಮಿಯಂ ಪೀಣ್ಯದ ಅಂತರ್ಜಲದಲ್ಲಿ ಇರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಮಲಿನ ಕೈಗಾರಿಕಾ ಪ್ರದೇಶಗಳ ಸೂಚ್ಯಂಕ ಮಾಡಿದಾಗ ಪೀಣ್ಯವೂ ಅದರಲ್ಲಿತ್ತು. ಅದೇ ನೆಲದ ಬೋರ್‌ವೆಲ್ಲುಗಳ ಸುತ್ತ ಲಕ್ಷಾಂತರ ಜನ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಾರೆ, ಸ್ನಾನಕ್ಕೆ ಬಟ್ಟೆಗೆ ಬೋರ್‌ವೆಲ್ಲೇ ಗತಿ.

ಇಲ್ಲಿಯ ರಾಜಕಾಲುವೆಗಳ ಒಂದು ಪಾಲು ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಕೆಂಗೇರಿ, ಬಿಡದಿ ಹಾದು ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಆ ಕಾವೇರಿಯನ್ನೇ ನಾವು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪು ಮಾಡಿ ಮೇಲೆ ತರುತ್ತೇವೆ. 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹಳ್ಳಿಗಳು ಪಾಲಿಕೆಗೆ ಸೇರಿ ಆಗಲೇ ಹದಿನೇಳು ವರ್ಷ. 2007ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಹುಡುಗಿ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ ಅವಳ ತಾಯಿ ಟ್ಯಾಂಕರಿಗೆ ಕಾದಿದ್ದಾಳೆ. ಇದಕ್ಕೆ ಸಿಟ್ಟು ಬರುತ್ತದೆ, ಬರಬೇಕು.

*

ವೈಟ್‌ಫೀಲ್ಡ್ ಬಗ್ಗೆ ಒಂದು ಟಿಪ್ಪಣಿ, ಹೋಲಿಸಿ ನೋಡಲು. 1882ರಲ್ಲಿ ಡಿ.ಎಸ್. ವೈಟ್ ಅವರ ಆಂಗ್ಲೋ ಇಂಡಿಯನ್ ಸಂಘ ಮೈಸೂರು ಮಹಾರಾಜರಿಂದ ಜಮೀನು ಪಡೆದು ಕಟ್ಟಿದ ಬೇಸಾಯದ ನೆಲೆ ಅದು. ನೂರು ವರ್ಷ ಹಣ್ಣಿನ ತೋಟ, ಹೆಂಚಿನ ಮನೆಗಳ ನಿದ್ದೆಯ ಊರು. 1990ರ ದಶಕದ ಕೊನೆಯಲ್ಲಿ ಐಟಿ ಪಾರ್ಕು ಬಂತು, ಊರು ಊದಿಕೊಂಡಿತು. ಗಾಜಿನ ಕಟ್ಟಡಗಳ ಹಿಂದೆ ತೂಬರಹಳ್ಳಿ, ಮುನ್ನೇಕೊಳಲು ಕಡೆಯ ನೀಲಿ ಟಾರ್ಪಾಲಿನ ಸಾಲುಗಳು. ಅಪಾರ್ಟ್‌ಮೆಂಟಿನ ಕಸ ಆಯುವವರು, ಮನೆಗೆಲಸದವರು ಅಲ್ಲಿಂದ ಬರುತ್ತಾರೆ. ಆದರೂ ವೈಟ್‌ಫೀಲ್ಡ್ ಎಂದು ಹೆಸರಿಟ್ಟು ಜನ ಸಂಘ ಕಟ್ಟುತ್ತಾರೆ, ರಸ್ತೆಗೆ ನಿಂತು ಫಲಕ ಹಿಡಿಯುತ್ತಾರೆ, ಟ್ರಾಫಿಕ್ಕಿನ ಫೋಟೋ ಹಾಕಿದರೆ ಮಂತ್ರಿಗಳು ಉತ್ತರ ಕೊಡುತ್ತಾರೆ. ಮೆಟ್ರೋ ಮಾತ್ರ ಪೀಣ್ಯಕ್ಕೇ ಮೊದಲು ಬಂತು, 2014ರ ಮಾರ್ಚ್ 1ರಂದು. ವೈಟ್‌ಫೀಲ್ಡಿಗೆ 2023ರ ಮಾರ್ಚಿನಲ್ಲಿ.

ಎಲೆಕ್ಟ್ರಾನಿಕ್ ಸಿಟಿಯದು ಇನ್ನೊಂದು ಬಗೆ. ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕಂಡ ಕನಸು, 1978ರಲ್ಲಿ 332 ಎಕರೆ. 2013ರಲ್ಲಿ ಅದಕ್ಕೆ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಬಂತು. ಒಳಗಿನ ಕಂಪನಿಗಳ ತೆರಿಗೆ ಒಳಗಿನ ರಸ್ತೆ, ದೀಪ, ಚರಂಡಿಗೆ. ಕೆಲಸ ಅಚ್ಚುಕಟ್ಟಾಗಿದೆ, ಒಪ್ಪಬೇಕು. ಆದರೆ ಆ ಗೆರೆಯ ಹೊರಗೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರ. ಕೆಲಸದ ಜಾಗಕ್ಕೆ ಒಂದು ಆಡಳಿತ, ಕೆಲಸ ಮಾಡುವವರು ಮಲಗುವ ಜಾಗಕ್ಕೆ ಇನ್ನೊಂದು. ಪೀಣ್ಯದ ಉದ್ಯಮಿಗಳೂ ಟೌನ್‌ಶಿಪ್ ಕೇಳುತ್ತ ಬಂದಿದ್ದಾರೆ. ಕೊಟ್ಟರೆ ಗೆರೆ ಹೆಗ್ಗನಹಳ್ಳಿಯನ್ನೂ ಒಳಗೆ ಸೇರಿಸಿಯೇ ಎಳೆಯಬೇಕು. ಪೀಣ್ಯದ ಗಳಿಕೆ ಒಂದು ಕಡೆ, ಪೀಣ್ಯದ ಸಂಸಾರ ಇನ್ನೊಂದು ಕಡೆ ಆಗಬಾರದು.

*

ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಎಂಬ ದೊಡ್ಡ ಕಟ್ಟಡವಿದೆ. ಮೆಜೆಸ್ಟಿಕ್ಕಿನ ಹೊರೆ ಇಳಿಸಲು, ತುಮಕೂರಿನ ಆಚೆಯ ಅರ್ಧ ಕರ್ನಾಟಕಕ್ಕೆ ಹೋಗುವ ಬಸ್ಸುಗಳಿಗಾಗಿ ಕಟ್ಟಿ 2014ರಲ್ಲಿ ತೆರೆದರು. ಜನ ಅಲ್ಲಿಗೆ ಬರಲಿಲ್ಲ, ಬಸ್ಸುಗಳು ಮೆಜೆಸ್ಟಿಕ್ಕಿಗೆ ಮರಳಿದವು. ಈಗ ಯುಗಾದಿಯ, ಗೌರಿ ಗಣೇಶದ, ದೀಪಾವಳಿಯ ಹಿಂದಿನ ರಾತ್ರಿ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿಯಲ್ಲಿ ಸಾವಿರಾರು ಜನ ಸರ್ವಿಸ್ ರೋಡಿನ ಅಂಚಿಗೆ ನಿಂತಿರುತ್ತಾರೆ. ಮಕ್ಕಳು ಬ್ಯಾಗಿನ ಮೇಲೆ ನಿದ್ದೆ ಹೋಗಿರುತ್ತವೆ. ಲೈಟು ಹಾಕಿದ ಬಸ್ಸು ಕಂಡಾಗೆಲ್ಲ ಓಟ. ಜನ ನಿಲ್ಲುವ ಕಡೆ ನಿಲ್ದಾಣವಿಲ್ಲ, ನಿಲ್ದಾಣ ಇರುವ ಕಡೆ ಜನವಿಲ್ಲ. ಕಟ್ಟುವ ಮೊದಲು ಒಂದು ಹಬ್ಬದ ರಾತ್ರಿ ಇಲ್ಲಿ ಬಂದು ನಿಂತಿದ್ದರೆ ಸಾಕಿತ್ತು.

ಮೇಲ್ಸೇತುವೆಯದೂ ಕಥೆಯೇ. ಕೇಬಲ್ ಹಾಳಾಗಿ 2021ರ ಡಿಸೆಂಬರಿನಲ್ಲಿ ಮುಚ್ಚಿದರು, 2022ರ ಫೆಬ್ರವರಿಯಲ್ಲಿ ಕಾರು ಬೈಕಿಗೆ ಬಿಟ್ಟರು, ಲಾರಿ ಬಸ್ಸಿಗೆ ಮತ್ತೆ ಬಿಟ್ಟದ್ದು 2024ರ ಜುಲೈನಲ್ಲಿ. ಅಷ್ಟು ದಿನ ಎಲ್ಲ ಲಾರಿಯೂ ದಾಸರಹಳ್ಳಿಯ ಕೆಳಗಿನ ರಸ್ತೆಯಲ್ಲಿ. ಶಾಲೆಗೆ ರಸ್ತೆ ದಾಟುವ ಮಕ್ಕಳ ತಾಯಂದಿರು ಎರಡೂವರೆ ವರ್ಷ ಕೈ ಹಿಡಿದು ದಾಟಿಸಿದರು.

*

ಸಂಬಳ ಆಗುವುದು ತಿಂಗಳ ಏಳರಿಂದ ಹತ್ತನೇ ತಾರೀಖಿನೊಳಗೆ. ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಏಳರೊಳಗೆ, ಹೆಚ್ಚಿರುವ ಕಡೆ ಹತ್ತರೊಳಗೆ ಕೊಡಬೇಕೆಂಬುದು 2025ರ ನವೆಂಬರಿನವರೆಗೆ ಇದ್ದ ಕಾನೂನಿನಲ್ಲೇ ಬಂದ ಲೆಕ್ಕ. ಹೆಗ್ಗನಹಳ್ಳಿ ಮುಖ್ಯರಸ್ತೆಯ ಅಂಗಡಿಗಳಿಗೆ ಇದೇ ಪಂಚಾಂಗ. ಹತ್ತರಿಂದ ಹದಿನೈದರವರೆಗೆ ಕೋಳಿ ಅಂಗಡಿ, ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ತುಂಬಿರುತ್ತವೆ. ಇಪ್ಪತ್ತೈದರ ಮೇಲೆ ಸೊಪ್ಪಿನ ಗಾಡಿಯ ಮುಂದೆ ಮಾತ್ರ ಜನ. ದಿನಸಿ ಅಂಗಡಿಯ ಅಕ್ಕ ಉದ್ದನೆಯ ಪುಸ್ತಕದಲ್ಲಿ ಸಾಲ ಬರೆಯುತ್ತಾರೆ: ಮನೆಯ ಬಣ್ಣ, ಅಂತಸ್ತು, ಊರು. ‘ಹಸಿರು ಬಿಲ್ಡಿಂಗ್, ಎರಡನೇ ಮಹಡಿ, ರಾಯಚೂರು.’ ಯಾರು ಎಲ್ಲಿಯವರು, ಯಾರು ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಹೊಸ ಕೂಸು, ಎಲ್ಲ ಆ ಪುಸ್ತಕದಲ್ಲಿದೆ. ಪಾಲಿಕೆಯ ಯಾವ ಕಡತಕ್ಕಿಂತಲೂ ಅದು ನಂಬಿಕೆಗೆ ಅರ್ಹ.

*

2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯನ್ನು ಐದಾಗಿ ಒಡೆದರು. ಮಹದೇವಪುರ, ಕೃಷ್ಣರಾಜಪುರದ ಕಡೆಯದು ಬೆಂಗಳೂರು ಪೂರ್ವ ನಗರ ಪಾಲಿಕೆ. 2007ರಲ್ಲಿ ಕೂಡಿಸಿದ್ದನ್ನು ಹದಿನೆಂಟು ವರ್ಷದ ಮೇಲೆ ಬೇರೆ ಗೆರೆ ಎಳೆದು ಬಿಡಿಸಿದ್ದಾರೆ. ಹತ್ತಿರದ ಆಡಳಿತ ಬರುತ್ತದೆ ಎಂದರೆ ನಾನು ಸಂತೋಷಪಡುತ್ತೇನೆ. ಆದರೆ ಹಳೆಯ ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಹೊಸ ಪಾಲಿಕೆಗಳು ಹುಟ್ಟುವ ಹೊತ್ತಿಗೆ ಐದು ವರ್ಷದಿಂದ ಚುನಾಯಿತ ಸದಸ್ಯರೇ ಇರಲಿಲ್ಲ. ಹೊಸ ಪಾಲಿಕೆಗಳ ಹೆಸರುಗಳೂ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಕೇಂದ್ರ. ದಿಕ್ಕುಗಳ ಹೆಸರು ನಕ್ಷೆ ಬರೆಯುವವರಿಗೆ ಸುಲಭ. ಪೀಣ್ಯ ದಾಸರಹಳ್ಳಿಯವರು ತಮ್ಮ ಊರನ್ನು ಅದರಲ್ಲಿ ಎಲ್ಲಿ ಹುಡುಕಬೇಕು?

ನೆಲಗದರನಹಳ್ಳಿಯ ಶಾಲೆಯ ಹೊರಗೆ ಐದನೇ ಕ್ಲಾಸಿನ ಹುಡುಗನನ್ನು ಊರು ಯಾವುದಪ್ಪಾ ಎಂದು ಕೇಳಿದೆ. ಪ್ರಶ್ನೆ ಅರ್ಥವಾಗದವನಂತೆ ನೋಡಿ, ‘ಇದೇ, ಅಂಕಲ್,’ ಅಂದ. ಪಕ್ಕದಲ್ಲಿದ್ದ ಅಪ್ಪ ತಿದ್ದಿದರು: ‘ಮಧುಗಿರಿ ಹತ್ರ ಸಾರ್.’ ಹುಡುಗ ಮತ್ತೆ ‘ಅಲ್ಲ, ಇದೇ’ ಅಂದ. ನಾನು ಹುಡುಗನ ಪಕ್ಷ.

*

ಮುಂದಿನ ಜನಗಣತಿಯ ಎಣಿಕೆ 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಯಲಿದೆ. 2011ರ ನಂತರ ಈ ಜಾಗದಲ್ಲಿ ಎಷ್ಟು ಜನ ಕೂಡಿಕೊಂಡರು ಎಂಬುದಕ್ಕೆ ಮೊದಲ ಉತ್ತರ ಅಲ್ಲಿ ಸಿಗಬೇಕು. ನೀರಿನ ಪೈಪಿನ ಅಳತೆ, ಅಂಗನವಾಡಿಗಳ ಸಂಖ್ಯೆ, ಆರೋಗ್ಯ ಕೇಂದ್ರ, ವಾರ್ಡುಗಳ ಗಡಿ ಎಲ್ಲಕ್ಕೂ ಆ ಅಂಕಿಯೇ ಆಧಾರವಾಗುತ್ತದೆ. ಹಾಗಾಗಿ ಗಣತಿಗೆ ಬರುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಈ ಟಿಪ್ಪಣಿಯ ಕೊನೆಯ ಕೆಲವು ಸಾಲು.

ಬೆಳಗ್ಗೆ ಹತ್ತಕ್ಕೆ ಬಂದರೆ ಹೆಗ್ಗನಹಳ್ಳಿ, ಲಗ್ಗೆರೆ, ಚೊಕ್ಕಸಂದ್ರದಲ್ಲಿ ಅರ್ಧ ಮನೆಗೆ ಬೀಗ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಶಿಫ್ಟಿನಲ್ಲಿರುತ್ತಾರೆ. ಸಂಜೆ ಏಳರ ಮೇಲೆ ಬನ್ನಿ, ಇಲ್ಲವೇ ಭಾನುವಾರ. ನೆಲಮಹಡಿಯ ಮಾಲೀಕರನ್ನು ಕೇಳಿ ಮೇಲಿನವರ ಲೆಕ್ಕ ಬರೆದುಕೊಂಡು ಹೋಗಬೇಡಿ. ತಾರಸಿಯವರೆಗೆ ಹತ್ತಿ, ಶೀಟಿನ ಕೋಣೆಯಲ್ಲೂ ಮನೆ ಇರುತ್ತದೆ. ಶೆಡ್ಡಿನ ಅಟ್ಟದಲ್ಲಿ ಮಲಗುವ ಹುಡುಗರನ್ನೂ, ಗಾರ್ಮೆಂಟ್ಸಿನ ಹಾಸ್ಟೆಲಿನ ಒಡಿಶಾದ ಹೆಣ್ಣುಮಕ್ಕಳನ್ನೂ ಬಿಡಬೇಡಿ. ನಾವು ಊರಲ್ಲಿ ಬರೆಸ್ತೀವಿ ಎಂದು ಅವರು ಹೇಳುತ್ತಾರೆ. ಎಲ್ಲಿ ವಾಸವಿದ್ದೀರೋ ಅಲ್ಲಿ ಬರೆಸಬೇಕು ಎಂದು ತಾಳ್ಮೆಯಿಂದ ತಿಳಿಸಿ ಹೇಳಿ, ಬರೆದುಕೊಳ್ಳಿ.